ಕೊಬ್ಬಿನ ಯಕೃತ್ತು: ಅದರ ಜೀವಶಾಸ್ತ್ರ ಮತ್ತು ಬೊಜ್ಜಿನ ನಂಟು

ಯಕೃತ್ತಿನ ಜೀವಕೋಶಗಳಲ್ಲಿ ಶೇ 5ಕ್ಕಿಂತ ಹೆಚ್ಚಿನವು ಕೊಬ್ಬಿನ ಹನಿಗಳನ್ನು ತುಂಬಿಕೊಂಡಿದ್ದರೆ ಅದನ್ನು ಕೊಬ್ಬಿನ ಯಕೃತ್ತು ಎನ್ನುತ್ತಾರೆ. ಆಡುಮಾತಿನಲ್ಲಿ ಫ್ಯಾಟಿ ಲಿವರ್. ಅತಿಯಾದ ಮದ್ಯಪಾನ, ಹೆಪಟೈಟಿಸ್ ಸಿ ಸೋಂಕು, ಸ್ಟಿರಾಯ್ಡ್‌ನಂಥ ಕೆಲವು ಔಷಧಗಳು, ತೀವ್ರ ಅಪೌಷ್ಟಿಕತೆ ಇವುಗಳಿಂದಲೂ ಈ ಸ್ಥಿತಿ ಬರುವುದುಂಟು. ಆದರೆ ಇವತ್ತು ಎಲ್ಲೆಡೆ ಹಬ್ಬಿರುವುದು ಬೊಜ್ಜು, ಸಕ್ಕರೆ ಕಾಯಿಲೆ, ಏರು ರಕ್ತದೊತ್ತಡಗಳ ಜೊತೆಜೊತೆಗೇ ಬರುವ ಬಗೆ. ಜಗತ್ತಿನ ವಯಸ್ಕರಲ್ಲಿ ಸುಮಾರು ಶೇ 30 ಮಂದಿಗೆ ಇದು ಇದೆಯೆಂದು ಅಂದಾಜು. ಭಾರತದಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ದೆಹಲಿಯ ಏಮ್ಸ್ ವೈದ್ಯರು 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ವಯಸ್ಕರಲ್ಲಿ ಇದರ ಪ್ರಮಾಣ ಶೇ 38.6. ಮಕ್ಕಳಲ್ಲಿ ಬೊಜ್ಜಿದ್ದವರನ್ನೂ ಇಲ್ಲದವರನ್ನೂ ಬೇರೆಬೇರೆಯಾಗಿ ನೋಡಿದಾಗ ಅಂತರ ಎದ್ದು ಕಂಡಿತು: ಬೊಜ್ಜಿಲ್ಲದವರಲ್ಲಿ ಶೇ 12.4, ಬೊಜ್ಜಿರುವವರಲ್ಲಿ ಶೇ 63.4.

ಬೊಜ್ಜಿಗೂ ಈ ಕಾಯಿಲೆಗೂ ನಂಟಿದೆ ಎನ್ನಲು ಇಷ್ಟು ಸಾಕು. ಆದರೆ ಆ ನಂಟು ಮೇಲ್ನೋಟಕ್ಕೆ ಕಾಣುವಷ್ಟು ನೇರವಾಗಿಲ್ಲ. ನೂರು ಕಿಲೋ ತೂಗುವ ಕೆಲವರ ಯಕೃತ್ತಿನಲ್ಲಿ ಕೊಬ್ಬೇ ಇರುವುದಿಲ್ಲ. ಐವತ್ತೈದು ಕಿಲೋ ದಾಟದ ಕೆಲವರಲ್ಲಿ ಅದು ತುಂಬಿರುತ್ತದೆ. ಮೈಯಲ್ಲಿ ಒಟ್ಟು ಎಷ್ಟು ಕೊಬ್ಬಿದೆ ಎಂಬುದಕ್ಕಿಂತ ಆ ಕೊಬ್ಬು ತನಗೆ ಸಲ್ಲುವ ಜಾಗದಲ್ಲಿ ನಿಂತಿದೆಯೇ ಎಂಬುದೇ ಯಕೃತ್ತಿನ ಮಟ್ಟಿಗೆ ಮುಖ್ಯ. ಕಳೆದ ಎರಡು ದಶಕಗಳ ಸಂಶೋಧನೆಯ ತಿರುಳೆಂದರೆ ಇದೇ. ದಪ್ಪಗಿರುವವರನ್ನು ಹೊಟ್ಟೆಬಾಕರೆಂದು ದೂರುವುದೂ, ತೆಳ್ಳಗಿರುವವರನ್ನು ತಪಾಸಣೆಯನ್ನೇ ಮಾಡದೆ ಕಳಿಸಿಬಿಡುವುದೂ ಈ ತಿಳಿವಳಿಕೆ ಇನ್ನೂ ಹರಡದಿರುವುದರ ಗುರುತು.

ಹೆಸರು ಬದಲಾದ ಬಗೆ

ಕುಡಿತದಿಂದ ಯಕೃತ್ತಿನಲ್ಲಿ ಕೊಬ್ಬು ಸೇರುವುದನ್ನು ಲಂಡನ್ನಿನ ವೈದ್ಯ ಥಾಮಸ್ ಅಡಿಸನ್ 1836ರಲ್ಲೇ ವರ್ಣಿಸಿದ್ದ. ಕುಡಿಯದವರಲ್ಲೂ ಅದೇ ಬಗೆಯ ಹಾನಿ ಆಗುತ್ತದೆಂಬುದು ವೈದ್ಯಲೋಕದಲ್ಲಿ ನೆಲೆಯೂರಿದ್ದು 1980ರಲ್ಲಿ. ಅಮೆರಿಕದ ಮೇಯೋ ಕ್ಲಿನಿಕ್‌ನ ರೋಗಶಾಸ್ತ್ರಜ್ಞ ಯುರ್ಗೆನ್ ಲುಡ್ವಿಗ್ ಮತ್ತು ಸಂಗಡಿಗರು 20 ರೋಗಿಗಳ ಯಕೃತ್ತಿನ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ವರ್ಷಗಟ್ಟಲೆ ಕುಡಿದವರ ಯಕೃತ್ತಿನಲ್ಲಿ ಕಾಣುವ ಗುರುತುಗಳೇ ಕಂಡವು. ಆದರೆ ಅವರು ಕುಡುಕರಲ್ಲ. ಹೆಚ್ಚಿನವರು ಸಾಧಾರಣ ದಪ್ಪಗಿದ್ದರು, ಹಲವರಿಗೆ ಮಧುಮೇಹವಿತ್ತು. ಅಲ್ಲಿಯವರೆಗೆ ಇಂಥ ರೋಗಿಗಳನ್ನು ವೈದ್ಯರು ಕುಡಿತದ ಬಗ್ಗೆ ಮತ್ತೆ ಮತ್ತೆ ಕೆದಕಿ ಕೇಳುತ್ತಿದ್ದರು. ಆ ಮಾತುಕತೆಯ ಮುಜುಗರ ತಪ್ಪಿಸಲಿಕ್ಕಾದರೂ ಇದಕ್ಕೊಂದು ಹೆಸರು ಬೇಕು ಎಂಬ ದನಿ ಲುಡ್ವಿಗ್ ಅವರ ಪ್ರಬಂಧದಲ್ಲಿದೆ. ಹೀಗೆ ‘ಮದ್ಯೇತರ’ ಎಂಬ ವಿಶೇಷಣ ಬಂತು, ನಾಲ್ಕು ದಶಕ ನಿಂತಿತು. 2023ರಲ್ಲಿ ಅಂತರರಾಷ್ಟ್ರೀಯ ಯಕೃತ್ ವೈದ್ಯ ಸಂಘಟನೆಗಳು ಸೇರಿ ಅದನ್ನು ಕೈಬಿಟ್ಟು, ಚಯಾಪಚಯ ದೋಷದೊಂದಿಗಿನ ಕೊಬ್ಬಿನ ಯಕೃತ್ ರೋಗ ಎಂಬರ್ಥದ ಎಂಎಎಸ್‌ಎಲ್‌ಡಿ ಎಂಬ ಹೆಸರನ್ನು ಒಪ್ಪಿದವು. ಕೊಬ್ಬಿನ ಜೊತೆ ಉರಿಯೂತವೂ ಜೀವಕೋಶಗಳ ಗಾಯವೂ ಸೇರಿದ ಹಂತಕ್ಕೆ ಈಗ ಮ್ಯಾಶ್ ಎಂದು ಹೆಸರು.

ಯಕೃತ್ತಿಗೆ ಕೊಬ್ಬು ಬರುವುದು ಎಲ್ಲಿಂದ

ಸುಮಾರು ಒಂದೂವರೆ ಕಿಲೋ ತೂಗುವ ಯಕೃತ್ತು ಕೊಬ್ಬನ್ನು ಕೂಡಿಡುವ ಅಂಗವಲ್ಲ, ಸಾಗಹಾಕುವ ಅಂಗ. ಬಂದ ಕೊಬ್ಬಿನಾಮ್ಲಗಳನ್ನು ಮೈಟೊಕಾಂಡ್ರಿಯಾಗಳಲ್ಲಿ ಉರಿಸುತ್ತದೆ, ಇಲ್ಲವೇ ಟ್ರೈಗ್ಲಿಸರೈಡ್ ಆಗಿ ಕಟ್ಟಿ, ವಿಎಲ್‌ಡಿಎಲ್ ಎಂಬ ಕಣಗಳಲ್ಲಿ ತುಂಬಿ ರಕ್ತಕ್ಕೆ ಬಿಡುತ್ತದೆ. ಬರುವುದು ಹೋಗುವುದಕ್ಕಿಂತ ಹೆಚ್ಚಾದಾಗ ಜೀವಕೋಶದೊಳಗೆ ಹನಿಗಳು ಉಳಿಯುತ್ತವೆ.

ಈ ಕೊಬ್ಬಿನ ಮೂಲವನ್ನು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ತಂಡವೊಂದು 2005ರಲ್ಲಿ ನೇರವಾಗಿ ಅಳೆಯಿತು. ಬಯಾಪ್ಸಿಗೆ ಮೊದಲಿನ ಕೆಲವು ದಿನ ರೋಗಿಗಳಿಗೆ, ಗುರುತು ಹಚ್ಚಬಹುದಾದ ಸ್ಥಿರ ಐಸೊಟೋಪುಗಳುಳ್ಳ ಪೋಷಕಾಂಶಗಳನ್ನು ಕೊಟ್ಟು, ಆಮೇಲೆ ಯಕೃತ್ತಿನ ಚೂರಿನಲ್ಲಿ ಯಾವ ಗುರುತು ಎಷ್ಟಿದೆ ಎಂದು ನೋಡಿತು. ಶೇ 59ರಷ್ಟು ಟ್ರೈಗ್ಲಿಸರೈಡ್ ಮೈಯ ಕೊಬ್ಬಿನ ಅಂಗಾಂಶದಿಂದ ಕರಗಿ ರಕ್ತದ ಮೂಲಕ ಬಂದ ಕೊಬ್ಬಿನಾಮ್ಲಗಳದ್ದು. ಶೇ 26ರಷ್ಟು ಯಕೃತ್ತು ತಾನೇ ಹೊಸದಾಗಿ ತಯಾರಿಸಿದ್ದು. ಊಟದಲ್ಲಿ ತಿಂದ ಎಣ್ಣೆ, ತುಪ್ಪಗಳಿಂದ ನೇರವಾಗಿ ಬಂದದ್ದು ಶೇ 15 ಮಾತ್ರ. ಯಕೃತ್ತಿನ ಕೊಬ್ಬೆಂದರೆ ಎಣ್ಣೆ ತಿಂದದ್ದರ ಫಲ ಎಂಬ ಗ್ರಹಿಕೆ ನಮ್ಮಲ್ಲಿ ಬಲವಾಗಿದೆ. ಆ ಗ್ರಹಿಕೆಯನ್ನು ತಿದ್ದಿಕೊಳ್ಳಲು ಈ ಮೂರು ಅಂಕಿಗಳು ಸಾಕು.

ಮೊದಲನೆಯ, ಎಲ್ಲಕ್ಕಿಂತ ದೊಡ್ಡ ಪಾಲಿನ ಕೀಲಿಕೈ ಇನ್ಸುಲಿನ್. ಉಂಡ ಮೇಲೆ ಇನ್ಸುಲಿನ್ ಏರಿದಾಗ ಚರ್ಮದಡಿಯ ಕೊಬ್ಬಿನ ಕೋಶಗಳು ತಮ್ಮೊಳಗಿನ ಟ್ರೈಗ್ಲಿಸರೈಡನ್ನು ಒಡೆಯುವುದನ್ನು ನಿಲ್ಲಿಸಬೇಕು. ಬೊಜ್ಜು ಬೆಳೆದಂತೆ ಈ ಕೋಶಗಳು ಹಿಗ್ಗುತ್ತವೆ, ಅವುಗಳ ನಡುವಿನ ಆಮ್ಲಜನಕ ಕಡಿಮೆಯಾಗುತ್ತದೆ, ಸತ್ತ ಕೋಶಗಳ ಸುತ್ತ ಮ್ಯಾಕ್ರೊಫೇಜ್ ಎಂಬ ರಕ್ಷಕ ಕೋಶಗಳು ಮುತ್ತಿಕೊಂಡು ಉರಿಯೂತದ ರಾಸಾಯನಿಕಗಳನ್ನು ಸುರಿಸುತ್ತವೆ. ಆಗ ಕೊಬ್ಬಿನ ಕೋಶ ಇನ್ಸುಲಿನ್ನಿನ ಮಾತು ಕೇಳುವುದಿಲ್ಲ. ಉಂಡ ಹೊತ್ತಿನಲ್ಲೂ ಕೊಬ್ಬಿನಾಮ್ಲಗಳು ರಕ್ತಕ್ಕೆ ಹರಿಯುತ್ತಲೇ ಇರುತ್ತವೆ. ಕಣಜದ ಗೋಡೆ ಬಿರುಕುಬಿಟ್ಟರೆ ಕಾಳು ಮನೆಯ ನೆಲಕ್ಕೆ ಸುರಿದಂತೆ, ಮಿಕ್ಕ ಕೊಬ್ಬು ಯಕೃತ್ತು, ಸ್ನಾಯು, ಮೇದೋಜ್ಜೀರಕಗಳಿಗೆ ಹೋಗಿ ಸೇರುತ್ತದೆ.

ಹೊಟ್ಟೆಯೊಳಗಿನ, ಕರುಳನ್ನು ಸುತ್ತಿಕೊಂಡ ಕೊಬ್ಬು ಪೋರ್ಟಲ್ ಅಭಿಧಮನಿಯ ಮೂಲಕ ನೇರವಾಗಿ ಯಕೃತ್ತಿಗೆ ಸುರಿಯುವುದರಿಂದ ಅದೇ ಮುಖ್ಯ ಅಪರಾಧಿ ಎಂದು ಬಹುಕಾಲ ನಂಬಲಾಗಿತ್ತು. ಅಳೆದು ನೋಡಿದಾಗ, ಆ ರಕ್ತನಾಳದ ಕೊಬ್ಬಿನಾಮ್ಲಗಳಲ್ಲಿ ಹೊಟ್ಟೆಯೊಳಗಿನ ಕೊಬ್ಬಿನ ಪಾಲು ತೆಳ್ಳಗಿನವರಲ್ಲಿ ಸುಮಾರು ಶೇ 5, ಬೊಜ್ಜಿರುವವರಲ್ಲಿ ಸುಮಾರು ಶೇ 20 ಎಂದು ತಿಳಿಯಿತು. ಉಳಿದುದೆಲ್ಲ ಬಹುಮಟ್ಟಿಗೆ ಚರ್ಮದಡಿಯ ಕೊಬ್ಬಿನಿಂದ ಬಂದದ್ದು. ಹಾಗಿದ್ದೂ ದೊಡ್ಡ ಹೊಟ್ಟೆ ಅಪಾಯದ ಒಳ್ಳೆಯ ಸೂಚಕವೇ, ಏಕೆಂದರೆ ಚರ್ಮದಡಿಯ ದಾಸ್ತಾನು ಸೋತಿದೆ ಎಂಬುದನ್ನು ಅದು ಹೊರಗೆ ತೋರಿಸುತ್ತದೆ.

ಎರಡನೆಯ ಪಾಲು ಪಿಷ್ಟ ಮತ್ತು ಸಕ್ಕರೆಯದು. ಗ್ಲೂಕೋಸ್ ಹೆಚ್ಚಾದಾಗ, ಇನ್ಸುಲಿನ್ ಏರಿದಾಗ ಯಕೃತ್ತಿನಲ್ಲಿ ಕೊಬ್ಬು ಕಟ್ಟುವ ಜೀನ್‌ಗಳು ಎಚ್ಚರಗೊಳ್ಳುತ್ತವೆ. ಈ ಹಾದಿಯ ನಡುವಿನ ಘಟ್ಟದಲ್ಲಿ ಹುಟ್ಟುವ ಮ್ಯಾಲೊನಿಲ್ ಕೋಎ ಎಂಬ ವಸ್ತು, ಮೈಟೊಕಾಂಡ್ರಿಯಾದೊಳಕ್ಕೆ ಕೊಬ್ಬಿನಾಮ್ಲ ಹೋಗುವ ಬಾಗಿಲನ್ನೇ ಮುಚ್ಚಿಬಿಡುತ್ತದೆ. ಹೊಸ ಕೊಬ್ಬು ತಯಾರಾಗುವಾಗ ಹಳೆಯದು ಉರಿಯುವಂತಿಲ್ಲ. ಮಧುಮೇಹಿಯ ಯಕೃತ್ತಿನಲ್ಲಿ ಇನ್ನೂ ಒಂದು ವಿಚಿತ್ರ ನಡೆಯುತ್ತದೆ. ‘ಗ್ಲೂಕೋಸ್ ತಯಾರಿಸುವುದನ್ನು ನಿಲ್ಲಿಸು’ ಎಂಬ ಇನ್ಸುಲಿನ್ನಿನ ಆಜ್ಞೆಗೆ ಅದು ಕಿವಿಗೊಡುವುದಿಲ್ಲ. ‘ಕೊಬ್ಬು ತಯಾರಿಸು’ ಎಂಬ ಆಜ್ಞೆಯನ್ನು ಮಾತ್ರ ತಪ್ಪದೆ ಪಾಲಿಸುತ್ತದೆ. ರಕ್ತದಲ್ಲಿ ಸಕ್ಕರೆಯೂ ಟ್ರೈಗ್ಲಿಸರೈಡೂ ಒಟ್ಟಿಗೇ ಏರುವುದಕ್ಕೆ ಮುಖ್ಯ ಕಾರಣ ಇದೆಂದು ಅಮೆರಿಕದ ವಿಜ್ಞಾನಿಗಳಾದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ 2008ರಲ್ಲಿ ವಿವರಿಸಿದರು.

ಫ್ರಕ್ಟೋಸ್‌ನ ಕಥೆ ಬೇರೆ. ಗ್ಲೂಕೋಸನ್ನು ಬಳಸುವ ಹಾದಿಯಲ್ಲಿ ಜೀವಕೋಶ ತನ್ನ ಅಗತ್ಯಕ್ಕೆ ತಕ್ಕಂತೆ ಬಿಗಿ ಹಿಡಿಯುವ ಒಂದು ಘಟ್ಟವಿದೆ. ಫ್ರಕ್ಟೋಸ್ ಆ ಘಟ್ಟವನ್ನು ಹಾಯದೆ ಪಕ್ಕದ ದಾರಿಯಿಂದ ನುಗ್ಗುತ್ತದೆ. ಸಕ್ಕರೆಯ ಅರ್ಧದಷ್ಟು ಭಾಗ ಫ್ರಕ್ಟೋಸ್. ಬೆಲ್ಲದ ಬಹುಪಾಲೂ ಅದೇ ಸುಕ್ರೋಸ್ ಆದ್ದರಿಂದ, ಸಕ್ಕರೆ ಬಿಟ್ಟು ಬೆಲ್ಲ ಹಿಡಿದವರ ಯಕೃತ್ತಿಗೆ ಹೇಳಿಕೊಳ್ಳುವಂಥ ಬಿಡುವೇನೂ ಸಿಗುವುದಿಲ್ಲ. ಐಸಿಎಂಆರ್ ಬೆಂಬಲದ ಇಂಡಿಯಾಬ್ ಸಮೀಕ್ಷೆಯ ಪ್ರಕಾರ ಭಾರತೀಯರ ದಿನದ ಕ್ಯಾಲೊರಿಗಳಲ್ಲಿ ಸುಮಾರು ಶೇ 62 ಕಾರ್ಬೊಹೈಡ್ರೇಟ್‌ನಿಂದಲೇ ಬರುತ್ತದೆ. ಇದರಲ್ಲಿ ಪಾಲಿಶ್ ಮಾಡಿದ ಅಕ್ಕಿ, ನುಣ್ಣಗೆ ಬೀಸಿದ ಹಿಟ್ಟುಗಳದ್ದೇ ಮೇಲುಗೈ. ದೈಹಿಕ ದುಡಿಮೆ ಇದ್ದಾಗ ಸ್ನಾಯುಗಳು ಹೀರಿಕೊಳ್ಳುತ್ತಿದ್ದ ಗ್ಲೂಕೋಸ್, ದಿನವಿಡೀ ಕುರ್ಚಿಯಲ್ಲಿ ಕುಳಿತವರಲ್ಲಿ ಯಕೃತ್ತಿನ ಪಾಲಾಗುತ್ತದೆ.

ಹೊರಹೋಗುವ ದಾರಿ ಮುಚ್ಚಿದರೂ ಇದೇ ಗತಿ. ಮೇದೋಜ್ಜೀರಕವನ್ನು ತೆಗೆದು ಇನ್ಸುಲಿನ್ ಕೊಟ್ಟು ಬದುಕಿಸಿದ ನಾಯಿಗಳು ಯಕೃತ್ತಿನಲ್ಲಿ ಕೊಬ್ಬು ತುಂಬಿ ಸಾಯುತ್ತಿದ್ದುದನ್ನು ಟೊರಾಂಟೊದ ಪ್ರಯೋಗಾಲಯ ಕಂಡಿತ್ತು. ಆಹಾರದಲ್ಲಿ ಲೆಸಿಥಿನ್, ಅದರಲ್ಲೂ ಅದರ ಅಂಶವಾದ ಕೋಲಿನ್ ಇದ್ದರೆ ಹಾಗಾಗುವುದಿಲ್ಲ ಎಂದು ಇನ್ಸುಲಿನ್ ಸಂಶೋಧಕರಲ್ಲೊಬ್ಬರಾದ ಚಾರ್ಲ್ಸ್ ಬೆಸ್ಟ್ 1930ರ ದಶಕದಲ್ಲಿ ತೋರಿಸಿದರು. ವಿಎಲ್‌ಡಿಎಲ್ ಕಣದ ಹೊದಿಕೆ ಕಟ್ಟಲು ಕೋಲಿನ್ ಬೇಕು. ಪ್ರೋಟೀನ್ ಕೊರತೆಯ ಕ್ವಾಶಿಯೋರ್ಕರ್‌ನಿಂದ ನರಳುವ ಮಕ್ಕಳ ಯಕೃತ್ತೂ ಕೊಬ್ಬಿನಿಂದ ಊದಿಕೊಳ್ಳುತ್ತದೆ. ಕೈಕಾಲು ಸಣಕಲಾದ ಕೂಸಿನಲ್ಲೂ ಅತಿತೂಕದ ನಡುವಯಸ್ಕನಲ್ಲೂ ಒಂದೇ ಅಂಗ ಒಂದೇ ರೀತಿ ಕೆಡುತ್ತದೆಂದರೆ, ತೂಕವೊಂದನ್ನೇ ನೋಡಿ ಈ ಕಾಯಿಲೆಯನ್ನು ಅರ್ಥಮಾಡಿಕೊಳ್ಳಲಾಗದು.

ಬೊಜ್ಜು ಕೆಡುವುದು ಎಲ್ಲಿ

ಅಮೆರಿಕದ ಡಲ್ಲಾಸ್‌ನಲ್ಲಿ ಫಿಲಿಪ್ ಶೆರರ್ ಅವರ ಪ್ರಯೋಗಾಲಯ 2007ರಲ್ಲಿ ವರದಿ ಮಾಡಿದ ಇಲಿಗಳನ್ನು ಇಲ್ಲಿ ನೆನೆಯಬೇಕು. ಲೆಪ್ಟಿನ್ ಎಂಬ ಹಾರ್ಮೋನ್ ಇಲ್ಲದೆ ಹುಟ್ಟುವ ಇಲಿಗಳು ತಿಂದೂ ತಿಂದೂ ಉಂಡೆಯಾಗುತ್ತವೆ. ಅವುಗಳಿಗೆ ಮಧುಮೇಹ ಬರುತ್ತದೆ, ಯಕೃತ್ತು ಕೊಬ್ಬಿನಿಂದ ಬಿಳಿಚುತ್ತದೆ. ಇಂಥ ಇಲಿಗಳ ಕೊಬ್ಬಿನ ಕೋಶಗಳು ಅಡಿಪೊನೆಕ್ಟಿನ್ ಎಂಬ ಇನ್ನೊಂದು ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುವಂತೆ ಸಂಶೋಧಕರು ಮಾಡಿದರು. ಇಲಿಗಳು ಮೊದಲಿಗಿಂತಲೂ ದಪ್ಪವಾದವು. ಚರ್ಮದಡಿಯಲ್ಲಿ ಸಣ್ಣ ಸಣ್ಣ ಹೊಸ ಕೊಬ್ಬಿನ ಕೋಶಗಳು ಲೆಕ್ಕವಿಲ್ಲದಷ್ಟು ಬೆಳೆದವು. ಆದರೆ ರಕ್ತದ ಸಕ್ಕರೆ ಸಹಜ ಮಟ್ಟಕ್ಕೆ ಇಳಿಯಿತು, ಯಕೃತ್ತಿನ ಕೊಬ್ಬೂ ಇಳಿಯಿತು. ಮೈಯ ಕೊಬ್ಬು ಹೆಚ್ಚಿತು, ರೋಗ ಕಡಿಮೆಯಾಯಿತು.

ಮನುಷ್ಯರಲ್ಲಿ ಇದರ ತದ್ವಿರುದ್ಧ ಚಿತ್ರ ಲಿಪೊಡಿಸ್ಟ್ರೊಫಿ ಎಂಬ ಅಪರೂಪದ ಕಾಯಿಲೆಯಲ್ಲಿದೆ. ಈ ರೋಗಿಗಳ ಚರ್ಮದಡಿಯಲ್ಲಿ ಕೊಬ್ಬೇ ಇರುವುದಿಲ್ಲ. ರಕ್ತನಾಳಗಳು, ಸ್ನಾಯುಗಳು ಎದ್ದು ಕಾಣುತ್ತವೆ. ಕೊಬ್ಬನ್ನು ಇಡಲು ಜಾಗವಿಲ್ಲದ್ದರಿಂದ ತಿಂದದ್ದೆಲ್ಲ ಯಕೃತ್ತಿಗೆ ಸೇರುತ್ತದೆ. ಚಿಕ್ಕ ವಯಸ್ಸಿನಲ್ಲೇ ತೀವ್ರ ಮಧುಮೇಹ, ಕೆಲವರಲ್ಲಿ ಯಕೃತ್ತು ನಾರುಗಟ್ಟಿ ಗಟ್ಟಿಯಾಗುವ ಸಿರೋಸಿಸ್ ಬರುತ್ತದೆ. ಇವರಿಗೆ ಲೆಪ್ಟಿನ್ ಚುಚ್ಚುಮದ್ದು ಕೊಟ್ಟಾಗ ಯಕೃತ್ತು ಕುಗ್ಗಿದ್ದನ್ನು 2002ರಿಂದೀಚೆಗೆ ಕಾಣಲಾಗಿದೆ. ಮಧುಮೇಹದ ಪಿಯೋಗ್ಲಿಟಜೋನ್ ಮಾತ್ರೆಯ ನಡವಳಿಕೆಯೂ ಇದನ್ನೇ ಹೇಳುತ್ತದೆ: ಅದನ್ನು ತೆಗೆದುಕೊಂಡವರ ತೂಕ ಒಂದಿಷ್ಟು ಹೆಚ್ಚುತ್ತದೆ, ಯಕೃತ್ತಿನ ಕೊಬ್ಬು ಕಡಿಮೆಯಾಗುತ್ತದೆ. ಕೊಬ್ಬನ್ನು ಅದರ ಸ್ವಸ್ಥಾನವಾದ ಚರ್ಮದಡಿಗೆ ಮರಳಿಸುವುದೇ ಆ ಔಷಧದ ಕೆಲಸ.

ಈ ಬೆಳಕಿನಲ್ಲಿ ನೋಡಿದರೆ ಭಾರತೀಯರ ಮೈಕಟ್ಟಿನ ಒಗಟು ಬಿಡಿಸಿಕೊಳ್ಳುತ್ತದೆ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಅಳತೆಗಳನ್ನು ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕವಾದ ಬಿಎಂಐ ಇಬ್ಬರಲ್ಲೂ ಒಂದೇ, 22.3. ಮೈಯ ಕೊಬ್ಬಿನ ಪಾಲು ಮಾತ್ರ ಯುಡ್ಕಿನ್ ಅವರಲ್ಲಿ ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ಯಾಜ್ಞಿಕ್ ಅವರ ತಂಡ ಪುಣೆ ಸುತ್ತಲಿನ ಹಳ್ಳಿಗಳ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್‌ನ ಶಿಶುಗಳ ಜೊತೆ ಹೋಲಿಸಿದಾಗ, ಸರಾಸರಿ 2.7 ಕಿಲೋ ತೂಗುವ ನಮ್ಮ ಕೂಸುಗಳಲ್ಲಿ ಸ್ನಾಯು ಸೊರಗಿದ್ದರೂ ಕೊಬ್ಬು ಅಷ್ಟಾಗಿ ಕಡಿಮೆಯಾಗಿರಲಿಲ್ಲ. ತೆಳ್ಳಗೆ ಕಂಡರೂ ಕೊಬ್ಬಿನ ಪಾಲು ಹೆಚ್ಚಿರುವ ಈ ದೇಹಗಳಲ್ಲಿ ಚರ್ಮದಡಿಯ ದಾಸ್ತಾನು ಬೇಗ ತುಂಬುತ್ತದೆ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಬಡ, ದುಡಿಯುವ ಹಳ್ಳಿಗರಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 8.7 ಮಂದಿಗೆ ಕೊಬ್ಬಿನ ಯಕೃತ್ತಿತ್ತು. ಅವರಲ್ಲಿ ಮುಕ್ಕಾಲು ಪಾಲು ಜನರ ಬಿಎಂಐ 25ಕ್ಕಿಂತ ಕಡಿಮೆ. ನಮ್ಮವರಿಗೆ ಬಿಎಂಐ 23 ದಾಟಿದರೆ ಅತಿತೂಕ, 25 ದಾಟಿದರೆ ಬೊಜ್ಜು, ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮಿತಿ ಎಂಬ ಕೆಳಗಿನ ಗೆರೆಗಳನ್ನು ಹಾಕಿಕೊಂಡಿರುವುದು ಇದಕ್ಕೇ. 2023ರ ಇಂಡಿಯಾಬ್ ವರದಿಯಲ್ಲಿ ಈ ಗೆರೆಗಳ ಪ್ರಕಾರ ಬೊಜ್ಜಿದ್ದವರು ಶೇ 28.6, ಹೊಟ್ಟೆಯ ಬೊಜ್ಜಿದ್ದವರು ಶೇ 39.5.

ಮನೆತನವೂ ಲೆಕ್ಕಕ್ಕೆ ಬರುತ್ತದೆ. ಕೊಬ್ಬಿನ ಹನಿಯ ಮೇಲೆ ಕೂರುವ ಪಿಎನ್‌ಪಿಎಲ್‌ಎ3 ಎಂಬ ಪ್ರೋಟೀನಿನಲ್ಲಿ 148ನೇ ಸ್ಥಾನದ ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಹನಿ ಕರಗುವುದು ಕಷ್ಟವಾಗುತ್ತದೆ. 2008ರಲ್ಲಿ ಪತ್ತೆಯಾದ ಈ ರೂಪಾಂತರ ಇದ್ದವರಲ್ಲಿ ಬೊಜ್ಜು ಹೆಚ್ಚಿದಷ್ಟೂ ಹಾನಿ ಹಲವು ಪಟ್ಟು ಏರುತ್ತದೆ. ಟಿಎಂ6ಎಸ್‌ಎಫ್2 ಎಂಬ ಇನ್ನೊಂದು ಜೀನ್‌ನ ರೂಪಾಂತರ ವಿಎಲ್‌ಡಿಎಲ್ ಹೊರಹೋಗುವುದನ್ನು ತಡೆಯುತ್ತದೆ. ಅದರಿಂದ ಯಕೃತ್ತಿಗೆ ಹಾನಿ, ಹೃದಯದ ರಕ್ತನಾಳಗಳಿಗೆ ರಕ್ಷಣೆ.

ಕೊಬ್ಬಿನಿಂದ ಗಾಯ, ಗಾಯದಿಂದ ನಾರು

ಹನಿಯೊಳಗೆ ಕಟ್ಟಿಟ್ಟ ಟ್ರೈಗ್ಲಿಸರೈಡ್ ಸ್ವತಃ ವಿಷವಲ್ಲ. ಹನಿ ಕಟ್ಟುವ ಕಿಣ್ವವನ್ನು ಇಲಿಗಳಲ್ಲಿ ತಡೆದಾಗ ಯಕೃತ್ತಿನ ಕೊಬ್ಬು ಕಡಿಮೆಯಾಯಿತು, ಗಾಯ ಮಾತ್ರ ಹೆಚ್ಚಿತು. ಹಾನಿ ಮಾಡುವುದು ಹನಿಯೊಳಗೆ ಸೇರದೆ ಉಳಿದ ಪಾಮಿಟೇಟ್‌ನಂಥ ಸಂತೃಪ್ತ ಕೊಬ್ಬಿನಾಮ್ಲಗಳು, ಸೆರಮೈಡ್‌ಗಳು, ಬಿಡಿ ಕೊಲೆಸ್ಟರಾಲ್. ಇವು ಮೈಟೊಕಾಂಡ್ರಿಯಾವನ್ನು ದಣಿಸಿ, ಆಮ್ಲಜನಕದ ಉಗ್ರ ಅಣುಗಳನ್ನು ಹುಟ್ಟಿಸುತ್ತವೆ. ಜೊತೆಗೆ ಕರುಳಿನ ಗೋಡೆ ಸಡಿಲವಾಗಿದ್ದರೆ ಬ್ಯಾಕ್ಟೀರಿಯಾಗಳ ಚೂರುಗಳು ಪೋರ್ಟಲ್ ರಕ್ತದಲ್ಲಿ ಬಂದು ಯಕೃತ್ತಿನ ಕಾವಲು ಕೋಶಗಳನ್ನು ಕೆರಳಿಸುತ್ತವೆ.

ಬಯಾಪ್ಸಿಯ ಗಾಜಿನ ಪಟ್ಟಿಯಲ್ಲಿ ಇದೆಲ್ಲ ಕಣ್ಣಿಗೆ ಕಾಣುತ್ತದೆ. ಬಣ್ಣ ಹಾಕುವ ಮೊದಲು ರಾಸಾಯನಿಕಗಳು ಕೊಬ್ಬನ್ನು ಕರಗಿಸಿಬಿಡುವುದರಿಂದ ಹನಿಯಿದ್ದ ಕಡೆ ದುಂಡನೆಯ ಬಿಳಿ ಬಯಲು ಉಳಿದಿರುತ್ತದೆ, ಕೋಶಕೇಂದ್ರ ಅಂಚಿಗೆ ಒತ್ತಿಹೋಗಿರುತ್ತದೆ. ಗಾಯಗೊಂಡ ಕೋಶ ತನ್ನ ಒಳಚೌಕಟ್ಟು ಕುಸಿದು ಊದಿಕೊಂಡಿರುತ್ತದೆ. ಕುಸಿದ ಚೌಕಟ್ಟಿನ ತುಣುಕುಗಳು ಗುಲಾಬಿ ಬಣ್ಣದ ಗಂಟುಗಳಾಗಿ ಅದರೊಳಗೆ ಬಿದ್ದಿರುತ್ತವೆ. ಯಕೃತ್ತಿನ ಪ್ರತಿ ಪುಟ್ಟ ಘಟಕದ ನಡುವಿನ ಅಭಿಧಮನಿಯ ಸುತ್ತ, ಒಂದೊಂದು ಕೋಶವನ್ನೂ ಬಳಸಿ ತೆಳ್ಳನೆಯ ನಾರಿನ ಬಲೆ ಹೆಣೆದುಕೊಂಡಿರುತ್ತದೆ. ಈ ನಾರನ್ನು ನೇಯುವುದು ಸ್ಟೆಲೇಟ್ ಕೋಶಗಳು. ಆರೋಗ್ಯವಾಗಿದ್ದಾಗ ಅವು ಸದ್ದಿಲ್ಲದೆ ದೇಹದ ಎ ಜೀವಸತ್ವದ ಬಹುಪಾಲನ್ನು ಕಾಪಿಡುತ್ತವೆ. ನೆರೆಯ ಕೋಶಗಳ ಸಾವಿನ ಸುದ್ದಿ ಮುಟ್ಟಿದೊಡನೆ ಆ ಜೀವಸತ್ವವನ್ನು ಬಿಟ್ಟುಕೊಟ್ಟು ಕೊಲಾಜನ್ ನೇಯತೊಡಗುತ್ತವೆ.

ಈ ನಾರುಗಟ್ಟುವಿಕೆ ಅಥವಾ ಫೈಬ್ರೋಸಿಸ್‌ನ ಹಂತವೇ ರೋಗಿಯ ಆಯುಸ್ಸನ್ನು ಎಲ್ಲಕ್ಕಿಂತ ಚೆನ್ನಾಗಿ ಸೂಚಿಸುತ್ತದೆ. ಕೊಬ್ಬಷ್ಟೇ ಇದ್ದವರಲ್ಲಿ ಒಂದು ಹಂತ ಮುಂದೆ ಸಾಗಲು ಸರಾಸರಿ 14 ವರ್ಷ, ಮ್ಯಾಶ್ ಇದ್ದವರಲ್ಲಿ ಸುಮಾರು 7 ವರ್ಷ ಬೇಕು. ಬಹುತೇಕರು ನಾಲ್ಕನೆಯ ಹಂತವಾದ ಸಿರೋಸಿಸ್ ತಲುಪುವುದಿಲ್ಲ. ಈ ರೋಗಿಗಳ ಸಾವಿಗೆ ಮೊದಲ ಕಾರಣ ಹೃದ್ರೋಗ. ಯಕೃತ್ತಿನ ಕ್ಯಾನ್ಸರ್ ಕೆಲವೊಮ್ಮೆ ಸಿರೋಸಿಸ್ ಇಲ್ಲದೆಯೂ ಕಾಣಿಸಿಕೊಳ್ಳುತ್ತದೆ.

ಪತ್ತೆ

ಇಲ್ಲಿ ಒಂದು ಗೊಂದಲ ದಿನವೂ ನಡೆಯುತ್ತದೆ. ಸ್ಕ್ಯಾನಿಂಗ್ ವರದಿಯಲ್ಲಿ ‘ಗ್ರೇಡ್ ಒನ್ ಫ್ಯಾಟಿ ಲಿವರ್’ ಎಂದು ಬಂದರೆ ಮನೆಯವರು ಏನೂ ಇಲ್ಲವೆಂದು ನಿರಾಳರಾಗುತ್ತಾರೆ. ಗ್ರೇಡ್ ಮೂರು ಎಂದರೆ ಎದೆ ಒಡೆದುಕೊಳ್ಳುತ್ತಾರೆ. ಅಲ್ಟ್ರಾಸೌಂಡ್‌ನ ಗ್ರೇಡ್ ಹೇಳುವುದು ಯಕೃತ್ತು ಪರದೆಯ ಮೇಲೆ ಎಷ್ಟು ಬೆಳ್ಳಗೆ ಕಾಣುತ್ತದೆ, ಅಂದರೆ ಕೊಬ್ಬು ಎಷ್ಟಿದೆ ಎಂಬುದನ್ನು. ನಾರಿನ ಸುದ್ದಿಯೇ ಅದರಲ್ಲಿಲ್ಲ. ಸಿರೋಸಿಸ್ ಹತ್ತಿರವಾದಂತೆ ಕೊಬ್ಬು ಕರಗಿ ಗ್ರೇಡ್ ಇಳಿಯುವುದೂ ಉಂಟು. ರಕ್ತಪರೀಕ್ಷೆಯಲ್ಲಿ ಅಳೆಯುವ ಯಕೃತ್ತಿನ ಎಎಲ್‌ಟಿ, ಎಎಸ್‌ಟಿ ಕಿಣ್ವಗಳು ಸಹಜವಾಗಿದ್ದರೂ ನಾರು ಬೆಳೆದಿರಬಹುದು.

ನಾರಿನ ಅಂದಾಜಿಗೆ ಫಿಬ್-4 ಎಂಬ ಲೆಕ್ಕವಿದೆ. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ, ಅದನ್ನು, ಪ್ಲೇಟ್‌ಲೆಟ್ ಸಂಖ್ಯೆಯನ್ನು ಎಎಲ್‌ಟಿಯ ವರ್ಗಮೂಲದಿಂದ ಗುಣಿಸಿದಾಗ ಬರುವ ಲಬ್ಧದಿಂದ ಭಾಗಿಸಬೇಕು. 50 ವರ್ಷದವರ ಎಎಸ್‌ಟಿ 40, ಎಎಲ್‌ಟಿ 49, ಪ್ಲೇಟ್‌ಲೆಟ್ ಎರಡು ಲಕ್ಷ ಎಂದುಕೊಂಡರೆ, ಪ್ಲೇಟ್‌ಲೆಟ್ಟನ್ನು ಸಾವಿರದ ಲೆಕ್ಕದಲ್ಲಿ 200 ಎಂದು ಹಿಡಿದು, 2000ವನ್ನು 1400ರಿಂದ ಭಾಗಿಸಿದಾಗ 1.43 ಬರುತ್ತದೆ. 1.3ಕ್ಕಿಂತ ಕಡಿಮೆ ಇದ್ದರೆ ತೀವ್ರ ನಾರುಗಟ್ಟುವಿಕೆಯ ಸಾಧ್ಯತೆ ತೀರಾ ಕಡಿಮೆ. ಮೀರಿದರೆ ಫೈಬ್ರೋಸ್ಕ್ಯಾನ್ ಮಾಡಿಸಿ ಯಕೃತ್ತಿನ ಬಿಗಿತವನ್ನು ಅಳೆಯಬೇಕು. ಸಾಧಾರಣ ರಕ್ತಪರೀಕ್ಷೆಯಷ್ಟೇ ಸಾಕಾಗುವ ಈ ಲೆಕ್ಕವನ್ನು ತಾಲ್ಲೂಕು ಆಸ್ಪತ್ರೆಯಲ್ಲೂ ಮಾಡಬಹುದು. ಮಧುಮೇಹಿಗಳಿಗೆಲ್ಲ ಇದನ್ನು ತಪ್ಪದೆ ಮಾಡಬೇಕು.

ಚಿಕಿತ್ಸೆ

ಯಕೃತ್ತಿನ ಕೊಬ್ಬು ಬಂದಷ್ಟೇ ಬೇಗ ಹೋಗಲೂ ಬಲ್ಲದು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ರಾಯ್ ಟೇಲರ್ ಅವರ ತಂಡ ಮಧುಮೇಹಿಗಳಿಗೆ ವೈದ್ಯರ ಕಣ್ಗಾವಲಿನಲ್ಲಿ ದಿನಕ್ಕೆ ಸುಮಾರು 600 ಕ್ಯಾಲೊರಿಯ ಆಹಾರ ಕೊಟ್ಟಾಗ, ಒಂದೇ ವಾರದಲ್ಲಿ ಯಕೃತ್ತಿನ ಕೊಬ್ಬು ಶೇ 30 ಇಳಿಯಿತು ಎಂದು 2011ರಲ್ಲಿ ವರದಿಯಾಯಿತು. ನಾರು ಕರಗಲು ಹೆಚ್ಚು ಕಾಲ ಬೇಕು. ಕ್ಯೂಬಾದಲ್ಲಿ ಬಯಾಪ್ಸಿಗಳ ಸಮೇತ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವರ್ಷದೊಳಗೆ ತೂಕದ ಶೇ 10 ಅಥವಾ ಹೆಚ್ಚು ಇಳಿಸಿದವರಲ್ಲಿ ಶೇ 90 ಮಂದಿಯಲ್ಲಿ ಮ್ಯಾಶ್‌ನ ಗುರುತುಗಳು ಅಳಿಸಿದವು, ಶೇ 45 ಮಂದಿಯಲ್ಲಿ ನಾರೂ ಹಿಂಜರಿಯಿತು. ಅಷ್ಟು ಇಳಿಸಲು ಸಾಧ್ಯವಾದದ್ದು ಹತ್ತರಲ್ಲಿ ಒಬ್ಬರಿಗೆ ಮಾತ್ರ. ಹಸಿವನ್ನೂ ತೂಕವನ್ನೂ ಮೆದುಳು ಬಿಗಿಯಾಗಿ ಕಾಯುತ್ತದೆ. ಇದನ್ನು ಮನೋಬಲದ ಕೊರತೆ ಎನ್ನುವುದು ರೋಗಿಗೆ ಮಾಡುವ ಅನ್ಯಾಯ. ವ್ಯಾಯಾಮದಿಂದ ತೂಕ ಇಳಿಯದಿದ್ದರೂ ಯಕೃತ್ತಿನ ಕೊಬ್ಬು ಒಂದಿಷ್ಟು ಇಳಿಯುತ್ತದೆ. ಬೊಜ್ಜಿಲ್ಲದ ರೋಗಿಗಳಿಗೆ ಶೇ 3ರಿಂದ 5ರಷ್ಟು ಇಳಿಕೆಯೇ ಸಾಕಾಗಬಹುದು. ಕಾಫಿ ಕುಡಿಯುವವರಲ್ಲಿ ನಾರುಗಟ್ಟುವಿಕೆ ಕಡಿಮೆ ಎಂದು ಹಲವು ಅಧ್ಯಯನಗಳು ಕಂಡಿವೆ. ಆ ಕಾಫಿಗೆ ಸಕ್ಕರೆ ಸುರಿದರೆ ಅದರ ಲಾಭ ಉಳಿಯುವುದು ಕಷ್ಟ.

ಔಷಧಗಳ ಮಟ್ಟಿಗೆ ದಶಕಗಳ ಬರದ ನಂತರ ಈಚೆಗೆ ಬಾಗಿಲು ತೆರೆದಿದೆ. ಯಕೃತ್ತಿನ ಥೈರಾಯ್ಡ್ ಗ್ರಾಹಕವನ್ನು ಚುರುಕುಗೊಳಿಸುವ ರೆಸ್ಮೆಟಿರೋಮ್‌ಗೆ ಅಮೆರಿಕ 2024ರ ಮಾರ್ಚ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಹಸಿವು ತಗ್ಗಿಸುವ ಸೆಮಾಗ್ಲುಟೈಡ್ ಚುಚ್ಚುಮದ್ದನ್ನು 72 ವಾರ ಪಡೆದವರಲ್ಲಿ ಶೇ 62.9 ಮಂದಿಯ ಮ್ಯಾಶ್ ವಾಸಿಯಾಯಿತು, ಹುಸಿಮದ್ದು ಪಡೆದವರಲ್ಲಿ ಶೇ 34.3 ಮಂದಿಯದು. ಸೆಮಾಗ್ಲುಟೈಡ್‌ಗೆ 2025ರ ಆಗಸ್ಟ್‌ನಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿತು. ಭಾರತದಲ್ಲಿ ಸರೋಗ್ಲಿಟಜಾರ್ ಎಂಬ ಇಲ್ಲಿಯದೇ ಮಾತ್ರೆಗೆ 2020ರಲ್ಲಿ ಈ ಕಾಯಿಲೆಗಾಗಿ ಒಪ್ಪಿಗೆ ದೊರೆತಿದೆ. 2021ರಲ್ಲಿ ಕೇಂದ್ರ ಸರ್ಕಾರ ಕೊಬ್ಬಿನ ಯಕೃತ್ತನ್ನು ಸಾಂಕ್ರಾಮಿಕವಲ್ಲದ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ಮೂವತ್ತು ದಾಟಿದವರ ಸೊಂಟದ ಅಳತೆಯನ್ನು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಬರೆದುಕೊಳ್ಳುವ ವ್ಯವಸ್ಥೆ ಅದರಲ್ಲಿ ಮೊದಲೇ ಇತ್ತು. ಹೆಚ್ಚಿನ ಅಪಾಯದವರನ್ನು ಯಕೃತ್ತಿನ ತಪಾಸಣೆಗೆ ಕಳಿಸುವ ಕೆಲಸ ಈಗ ಆ ಅಳತೆಯಿಂದಲೇ ಶುರುವಾಗಬಹುದು.